ತೊಳೆಯದೆ ತಿಂದ ಸೌತೆಕಾಯಿ

ಆ ವಾಸನೆ ನನಗೆ ಬಂದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೇರೆಯವರ ಮೇಲಿನ ಸಿಟ್ಟನ್ನು ಬರೆಯುವ ಮೊದಲು ನನ್ನ ಮೇಲಿನದನ್ನು ಬರೆಯಬೇಕು. ತಾರಸಿಯ ಬಾಗಿಲು ತೆಗೆದಾಗ ಏನೋ ಕಟುವಾದದ್ದು ಮೂಗಿಗೆ ಬಡಿಯಿತು. ಪಕ್ಕದ ಕಟ್ಟಡಕ್ಕೆ ಪೇಂಟ್ ಹೊಡೆಯುತ್ತಿದ್ದರು. ಅದೇ ಇರಬೇಕು ಅಂದುಕೊಂಡೆ.

ಗೊಟ್ಟಿಗೆರೆಯಲ್ಲಿ ನಾವು ಬಾಡಿಗೆಗಿರುವ ಮನೆಯ ಓನರ್ ಕೆಳಗಿನ ಮಹಡಿಯಲ್ಲೇ ಇದ್ದಾರೆ. ಈ ಕಟ್ಟಡ ನಿಂತಿರುವ ಜಾಗದಲ್ಲೇ ಒಂದು ಕಾಲಕ್ಕೆ ಹುರುಳಿಕಾಯಿ, ಟೊಮೆಟೊ ಬೆಳೆದವರು. ಫೆಬ್ರವರಿಯಲ್ಲಿ ನಾನು ತಾರಸಿಯ ಮೇಲೆ ಮಣ್ಣು ತುಂಬಿದ ಗ್ರೋಬ್ಯಾಗ್ ಜೋಡಿಸಿ ಸೌತೆ, ಬೆಂಡೆ, ಬದನೆ ಹಾಕಿದಾಗ ನೆರಳಿನ ಪರದೆ ಕಟ್ಟಲು ಏಣಿ ಹಿಡಿದವರೂ ಅವರೇ, ಔಷಧಿ ಹೊಡೆಯುವುದಿಲ್ಲ ಎಂದಾಗ ಆಡಿಕೊಂಡವರೂ ಅವರೇ.

“ಹುಳಿ ಮಜ್ಜಿಗೆ ಚಿಮುಕಿಸ್ತೀರಲ್ಲ ಮೇಡಂ, ಒಂಚೂರು ಒಗ್ಗರಣೆನೂ ಹಾಕ್ಬಿಡಿ. ಹುಳಗಳು ಚೆನ್ನಾಗ್ ಊಟ ಮಾಡ್ಕೊಂಡ್ ಹೋಗ್ಲಿ.”

“ಇರ್ಲಿ ಬಿಡಿ ಅಂಕಲ್, ಅವೂ ನಿಮ್ ಬಾಡಿಗೆದಾರರೇ,” ಎನ್ನುತ್ತಿದ್ದೆ.

ಅವರ ಮೊಮ್ಮಗಳಿಗೆ ಐದು ವರ್ಷ. ದಿನವೂ ನಾಲ್ಕು ಗಂಟೆಗೆ ನನ್ನ ಹಿಂದೆಯೇ ಮೆಟ್ಟಿಲು ಹತ್ತುತ್ತಿದ್ದಳು. ಎಳೆ ಸೌತೆಕಾಯಿ ಕಿತ್ತು, ಫ್ರಾಕಿಗೆ ಒರೆಸಿ, ಅಲ್ಲೇ ಕಚ್ಚಿ ತಿನ್ನುವುದನ್ನು ಕಲಿಸಿದವಳು ನಾನು. “ಅಂಗಡೀದಾದ್ರೆ ತೊಳೀಬೇಕು ಪುಟ್ಟಿ, ನಮ್ದಕ್ಕೆ ಬೇಡ,” ಎಂದು ಎಷ್ಟು ಜಂಬದಿಂದ ಹೇಳುತ್ತಿದ್ದೆ!

ಏಪ್ರಿಲ್‌ನಲ್ಲಿ ಬಿಳಿನೊಣ ಮುತ್ತಿತು. ಬೇವಿನೆಣ್ಣೆಗೂ ಮಜ್ಜಿಗೆಗೂ ಜಗ್ಗಲಿಲ್ಲ. ಅದರ ನಡುವೆ ಎರಡು ದಿನ ತ್ಯಾಗರಾಜನಗರದ ಅಮ್ಮನ ಮನೆಗೆ ಹೋಗಬೇಕಾಯಿತು. ನೀರು ಹಾಕಿ ಎಂದು ಓನರ್‌ಗೆ ಹೇಳಿ ಹೋದೆ. “ನೀವ್ ಹೋಗ್ಬನ್ನಿ ಮೇಡಂ, ನಾನ್ ನೋಡ್ಕೋತೀನಿ,” ಎಂದರು.

ಮೂರನೆಯ ದಿನ ಮಧ್ಯಾಹ್ನ ವಾಪಸು ಬಂದೆ. ನಾಲ್ಕಕ್ಕೆ ಮಗು ಬಂತು. ತಾರಸಿಗೆ ಹತ್ತಿದೆವು, ಆ ವಾಸನೆ ಬಂತು. ನಾನು ಬೆಂಡೆಗಿಡದ ಎಲೆ ಮಗುಚಿ ನೋಡಿದೆ, ಒಂದು ನೊಣವೂ ಇರಲಿಲ್ಲ. ಎಷ್ಟು ಖುಷಿಯಾಯಿತೆಂದರೆ, ಯಾಕೆ ಎಂದು ಕೇಳಿಕೊಳ್ಳಲೇ ಇಲ್ಲ. ಬೆನ್ನ ಹಿಂದೆ ಅವಳು ಕರುಂಕುರುಂ ಎಂದು ಎರಡು ಸೌತೆಕಾಯಿ ತಿಂದಳು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಅರ್ಧ ಗಂಟೆಯಾಗಿತ್ತೋ ಇಲ್ಲವೋ, ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡಳು. ಮೈಯೆಲ್ಲ ಬೆವರು, ಬಾಯಿಂದ ಜೊಲ್ಲು ನಿಲ್ಲುತ್ತಿಲ್ಲ. ಅವಳಮ್ಮ, ಓನರ್ ಸೊಸೆ, ಓಡಿ ಬಂದು ಎತ್ತಿಕೊಂಡಳು; ಹಿಂದೆಯೇ ಓನರ್ ಬಂದರು. “ಏನ್ ಕೊಟ್ರಿ ಮೇಡಂ ಮಗೂಗೆ?”

ಆಗ ಹೊಳೆಯಿತು. “ಅಂಕಲ್, ಗಿಡಕ್ಕೇನಾದ್ರೂ ಹೊಡೆದ್ರಾ?”

ಅವರು ಸೊಸೆಯ ಮುಖ ನೋಡಿದರು. “ನೀರ್ ಹಾಕ್ದೆ, ಅಷ್ಟೆ.”

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್‌ನಲ್ಲಿ ಕಾರು ತೆವಳುವಷ್ಟು ಹೊತ್ತೂ ಅವರು ಬಾಯಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಟಾರ್ಚ್ ಹಿಡಿದರು. ಮಗುವಿನ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. “ಕೀಟನಾಶಕ ಏನಾದ್ರೂ ಹೊಟ್ಟೆಗೆ ಹೋಗಿದ್ಯಾ? ಬೇಗ ಹೇಳಿ.” ಆಗಲೂ ಓನರ್ ಸುಮ್ಮನಿದ್ದರು. ನಾನು ಅವರ ಅಂಗಿಯ ತೋಳು ಹಿಡಿದು ಜಗ್ಗಿದೆ. ನನಗಿಂತ ಮೂವತ್ತು ವರ್ಷ ದೊಡ್ಡವರ ಮೇಲೆ ಅಷ್ಟು ಜನರೆದುರು ಕಿರುಚಿದೆ: “ಹೇಳ್ರೀ! ಮಗು ಸಾಯ್ತಿದೆ, ಹೇಳ್ರೀ!”

“ಹೊಡೆದೆ. ಬೆಳಿಗ್ಗೆ. ಹೊಲ ಇದ್ದಾಗಿನ ಹಳೇ ಬಾಟ್ಲಿ ಇತ್ತು.” ಆಮೇಲೆ ನನ್ನ ಕಡೆ ತಿರುಗಿದರು. “ಗಿಡ ಸಾಯ್ತಿತ್ತು ಮೇಡಂ, ನೋಡಕ್ಕಾಗ್ಲಿಲ್ಲ.”

ಸೊಸೆ ಅವರನ್ನು ಬಯ್ಯಲಿಲ್ಲ. “ತೊಳೀದೆ ತಿನ್ನು ಅಂತ ಕಲ್ಸಿದ್ದು ನೀವೇ ತಾನೆ?” ಎಂದು ನನ್ನನ್ನು ಕೇಳಿದಳು.

ಮಗು ಉಳಿಯಿತು. ನಾಲ್ಕನೆಯ ದಿನ ಮನೆಗೆ ಬಂತು. “ಏನೂ ಆಗ್ಲಿಲ್ವಲ್ಲ ಮೇಡಂ, ಬಿಟ್ಬಿಡಿ,” ಎಂದರು ಓನರ್. ಎಲೆ ಮುದುಡಿದ್ದು ನೋಡಲಾಗದ ಮನುಷ್ಯ ಮೊಮ್ಮಗಳು ಒದ್ದಾಡುವುದನ್ನು ಕಾರಿನಲ್ಲಿ ಪಕ್ಕದಲ್ಲೇ ಕೂತು ನೋಡಿದರಲ್ಲ, ಸೊಸೆಯ ಬಾಯಿಗೆ ಹೆದರಿ! ಅದನ್ನು ಹೇಗೆ ಬಿಡಲಿ? ಮೇಲೆ ಹೋಗಿ ಒಂದೊಂದೇ ಗಿಡ ಕಿತ್ತೆ. ಕಾಯಿ ಬಿಟ್ಟಿದ್ದನ್ನೂ ಬಿಡಲಿಲ್ಲ. ಮಣ್ಣನ್ನೂ ಮೂಟೆ ಕಟ್ಟಿ ಹೊರಗೆ ಹಾಕಿಸಿದೆ.

ಮೇ ಕೊನೆಯಲ್ಲಿ ಒಂದು ಸಂಜೆ ಓನರ್ ಹೊಸ ಮಣ್ಣಿನ ಚೀಲ ಹೊತ್ತು ಏದುಸಿರು ಬಿಡುತ್ತಾ ತಾರಸಿಗೆ ಬಂದರು. “ಮತ್ತೆ ಹಾಕಿ ಮೇಡಂ. ನಾನ್ ಕೈ ಇಡಲ್ಲ.” ಅವರ ಹಿಂದೆಯೇ ಮೊಮ್ಮಗಳು ಬಂದಿದ್ದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಖಾಲಿ ಬ್ಯಾಗ್‌ಗಳೊಳಗೆ ಬಗ್ಗಿ ನೋಡಿದಳು.

“ಆಂಟಿ, ನಾನ್ ತಿಂದಿದ್ದಕ್ಕೆ ಎಲ್ಲಾ ಕಿತ್ತಾಕಿದ್ರಾ?”

ತಾತ ಚೀಲ ಇಳಿಸಿ ಮೆಟ್ಟಿಲ ಕಡೆ ತಿರುಗಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಯಾಕೆ ಕಿತ್ತಿದ್ದು ಅಂತ ನೀವೇ ಹೇಳಿ ಅಂಕಲ್, ಅವಳಿಗೆ.”

ನಾನು ದಾರಿ ಬಿಡಲಿಲ್ಲ. ಕೊನೆಗೆ ಅವರು ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದರು. ಅವರದು ಮುಗಿದ ಮೇಲೆ ನಾನೂ ಪಕ್ಕದಲ್ಲಿ ಕೂತು ನನ್ನದನ್ನು, ಆ ವಾಸನೆಯ ವಿಷಯವನ್ನು, ಹೇಳಿದೆ.