ಬಚ್ಚಲ ಹಿಂದಿನ ಹಳದಿ ಹೂ

ಹೋದ ಮಳೆಗಾಲ ವಿಜಯಪುರದಲ್ಲಿ ರೋಡ್ ಡಿವೈಡರ್ ಮೇಲೆ ಹಬ್ಬಿದ ಹಳದಿ ಹೂವಿನ ವೆಡೇಲಿಯಾ ಬಳ್ಳಿ ಕತ್ತರಿಸುತ್ತಿದ್ದರು. ಜಜ್ಜಿದ ಎಲೆಯ ಒಗರು ವಾಸನೆ ನಾನು ಕೂತಿದ್ದ ಆಟೋದೊಳಗೆ ನುಗ್ಗಿತು. ಮನಗೂಳಿಯ ನಮ್ಮ ಹಿತ್ತಲು, ಹೊಗೆ ಹಿಡಿದ ಬಚ್ಚಲು, ಒದ್ದೆ ಸೆರಗಿನ ಅವ್ವ ಎಲ್ಲ ಒಟ್ಟಿಗೇ ಎದುರು ನಿಂತಂತಾಯಿತು. ಆ ಬಳ್ಳಿಯನ್ನು ಮನೆಗೆ ತಂದವಳು ನಾನೇ. ಕಾನ್ವೆಂಟ್ ಬೋರ್ಡಿಂಗಿನಿಂದ ರಜೆಗೆ ಹೊರಟಾಗ ಗಾರ್ಡನ್ ನೋಡಿಕೊಳ್ಳುವ ಸಿಸ್ಟರ್ ಒಂದು ಕಟಿಂಗ್ ಅನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಕೊಟ್ಟಿದ್ದರು. ಅವ್ವ ಅದನ್ನು ಬಚ್ಚಲ ನೀರು ಹರಿಯುವಲ್ಲಿ ಊರಿದಳು. ಮುಂದಿನ ರಜೆಗೆ ಬರುವಷ್ಟರಲ್ಲಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ಎರೆಮಣ್ಣನ್ನೆಲ್ಲ ಮುಚ್ಚಿ, ಹಳದಿ ಜಮಖಾನೆ ಹಾಸಿದಂತಿತ್ತು.

ಆ ಮನೆಯಲ್ಲಿ ಅವ್ವನದು ಅಂತ ಇದ್ದದ್ದು ಅದೊಂದೇ. ತನ್ನ ಹೂವನ್ನು ಅಜ್ಜಿ ಒಂದು ದಿನವಾದರೂ ದೇವರಿಗೆ ಏರಿಸಲಿ ಎಂಬುದು ಅವಳ ಆಸೆ. ದಿನಾ ಬೆಳಗ್ಗೆ ಒಂದು ಬುಟ್ಟಿ ಹೂ ದೇವರಮನೆಯ ಹೊಸ್ತಿಲಿಗೆ ತಂದಿಡುತ್ತಿದ್ದಳು. ಇಂಥ ಹೊಸ್ತಿಲು ನಿಮ್ಮ ಮನೆಯಲ್ಲೂ ಇದ್ದೀತು. ಮಡಿಯಲ್ಲಿದ್ದ ಅಜ್ಜಿ, “ಬಚ್ಚಲ ನೀರು ಕುಡದ ಹೂ ದೇವರಿಗೆ ನಡೆಯೂದಿಲ್ಲ” ಅಂದಳು. ಅವ್ವ ಬಾವಿ ನೀರು ಸೇದಿ ಹಾಕತೊಡಗಿದಳು. ಆಮೇಲೆ, “ವಾಸನಿ ಇಲ್ಲದ್ದು ಎಂಥಾ ಹೂ?” ಎಂದಾಯಿತು.

“ಪೀತಾಂಬರ ಉಡೂ ವಿಠ್ಠಲ ಹಳದಿ ಹೂ ಒಲ್ಲೆ ಅಂತಾನೇನ್ರಿ ಅತ್ಯಾ?”

“ಉಡೂದು ಬ್ಯಾರೆ, ಮುಡಿಯೂದು ಬ್ಯಾರೆ. ಮೊದಲ ಆ ಬುಟ್ಟಿ ತಗೀ.”

ಅವ್ವ ನಕ್ಕು ಬುಟ್ಟಿ ಎತ್ತಿಕೊಂಡಳು. ಮರುದಿನ ಮತ್ತೆ ತಂದಿಟ್ಟಳು. ಅಷ್ಟು ಸ್ಟಬರ್ನ್ ಹೆಂಗಸು.

ಒಂದು ಬೇಸಿಗೆಯಲ್ಲಿ, ನಾನು ರಜೆಗೆ ಬಂದಿದ್ದಾಗಲೇ, ಜ್ವರ ಬಂದು ಅವ್ವ ತೀರಿಕೊಂಡಳು. ಅಂದು ಸಂತೆ ಇರಲಿಲ್ಲ. ಊರಲ್ಲಿ ಒಂದು ಮೊಳ ಮಲ್ಲಿಗೆಯೂ ಸಿಗಲಿಲ್ಲ. ಮುತ್ತೈದೆ ಹೂವಿಲ್ಲದೆ ಹೋಗಬಾರದು ಎಂದು ಬಂದವರೆಲ್ಲ ಪೇಚಾಡುತ್ತಿದ್ದಾಗ ಅಜ್ಜಿಯೇ ಹೇಳಿದಳು: “ಹಿತ್ತಲದಾಗ ಅಷ್ಟು ಹೂ ಅವ ಅಲಾ, ಹರಕೊಂಡು ಬರ್ರಿ.” ಬುಟ್ಟಿ ತುಂಬ ತಂದರು. ಅಜ್ಜಿ ತನ್ನ ಕೈಯಾರೆ ಅವ್ವನ ಮುಡಿಗೂ ಎದೆಗೂ ಇಡತೊಡಗಿದಳು.

“ಈಗ ನಡೀತದೇನಜ್ಜಿ?” ಎಂದೆ.

ಅವಳು ಕೈ ನಿಲ್ಲಿಸಲಿಲ್ಲ. “ಹೆಣಕ್ಕ ಎಲ್ಲಾ ನಡೀತದ, ಕೂಸ.”

ಆ ಮನೆ ಈಗಿಲ್ಲ. ಅಲ್ಲಿ ಕಾಂಕ್ರೀಟ್ ಹಾಸಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಪಾಲಾದಾಗ ಯಾರಿಗೂ ಬೇಡವಾದ, ದೇವರಮನೆಯ ಆ ವಿಠ್ಠಲ ನನ್ನ ಫ್ಲ್ಯಾಟಿಗೆ ಬಂದ. ಸೊಂಟದ ಮೇಲೆ ಕೈಯಿಟ್ಟು ಶೋಕೇಸಿನಲ್ಲಿ ನಿಂತಿದ್ದಾನೆ. ಅಂದು ಆಟೋ ನಿಲ್ಲಿಸಿ ಆರಿಸಿಕೊಂಡ ಕಡ್ಡಿ ಬಾಲ್ಕನಿಯ ಕುಂಡ ತುಂಬಿ, ಕೆಳಗಿಳಿದು, ಅವನ ಕಣ್ಣೆದುರೇ ದಿನಾ ಅರಳುತ್ತದೆ. ಈವರೆಗೆ ಒಂದು ಹೂವನ್ನೂ ನಾನು ಅವನಿಗೆ ಏರಿಸಿಲ್ಲ. ಬೇಕಿದ್ದರೆ ಅವನೇ ಕೇಳಲಿ.