ನಿಂಬೆಹಣ್ಣು ಹಿಡಿದ ಕೈ

ತಪ್ಪು ತಿಳಿಯಬೇಡಿ ಗೆಳೆಯರೇ, ಈ ವಾಯ್ಸ್ ಮೆಸೇಜನ್ನು ಎರಡು ಸಲ ರೆಕಾರ್ಡ್ ಮಾಡಿ ಅಳಿಸಿದೆ, ಮತ್ತೆ ಮೊದಲಿನಿಂದ ಹೇಳುತ್ತೇನೆ. ಹುಮನಾಬಾದಿನ ಆಸ್ಪತ್ರೆಯಲ್ಲಿ, ಅಕ್ಕನ ಕೋಣೆಯ ಕಿಟಕಿಯ ಹೊರಗೆ ನಿಂತಿದ್ದೇನೆ.

ಬೆಳಿಗ್ಗೆ ಬಸವಕಲ್ಯಾಣದ ನಮ್ಮ ಮನೆಗೆ ಹೊಸ ಗಾಡಿ ಬಂತು. ನಮ್ಮ ದೇಶದಲ್ಲೇ ಜೋಡಿಸಿದ್ದು, ಮನೆಯಲ್ಲೇ ಚಾರ್ಜ್ ಮಾಡಬಹುದು, ಪೆಟ್ರೋಲಿನಲ್ಲೂ ಓಡುತ್ತದೆ. ನನ್ನ ಎಲ್ಲ ಗಾಡಿಗಳ ಪೂಜೆಗೂ ಚಕ್ರದಡಿ ನಿಂಬೆಹಣ್ಣು ಇಟ್ಟವಳು ಅಕ್ಕನೇ. ಹಣ್ಣು ಉರುಳದಂತೆ ಹಿಡಿದಿದ್ದು, ಎಂಜಿನ್ ಸದ್ದು ಕೇಳಿದ ಮೇಲೆ ಕೈ ತೆಗೆಯುವುದು ಅವಳ ರೂಢಿ.

"ಚಾಲೂ ಮಾಡೋ ತಮ್ಮಾ," ಎಂದಳು. ಮಾಡಿ ಮುಂದಕ್ಕೆ ಬಿಟ್ಟೆ; ಅವಳ ಕೈ ಇನ್ನೂ ಚಕ್ರದಡಿಯೇ ಇತ್ತು. ಈ ಗಾಡಿ ಬ್ಯಾಟರಿಯಲ್ಲಿ ಸದ್ದೇ ಇಲ್ಲದೆ ಹೊರಡುತ್ತದೆ. ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ ನಾನು ಅವಳಿಗೆ ಮಾತ್ರ ಹೇಳಿರಲಿಲ್ಲ.

ಇಂದಿಗೂ ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಕೈ ಅದು. ಎರಡು ಬೆರಳು ಉಳಿಯುವುದಿಲ್ಲ ಎಂದರು ಡಾಕ್ಟರು.

ಅದೇ ಗಾಡಿಯಲ್ಲಿ ಅವಳನ್ನು ಇಲ್ಲಿಗೆ ತಂದೆ. ಆಸ್ಪತ್ರೆ ಗೇಟಿನ ಕಾವಲುಗಾರ ಅದರ ಸುತ್ತ ಒಂದು ಸುತ್ತು ಹಾಕಿ, "ಭಾಳ ಛಲೋ ಅದರಿ ಸಾಹೇಬ್ರ, ಆವರೇಜ್ ಎಷ್ಟು ಕೊಡ್ತದರಿ?" ಎಂದು ಕೇಳಿದ. ಚಕ್ರದ ಮೇಲಿನ ಕೆಂಪನ್ನು ಕುಂಕುಮ ಅಂದುಕೊಂಡಿರಬೇಕು.

ಅಕ್ಕ ನನಗೇ ಸಮಾಧಾನ ಹೇಳಿದಳು. "ನಿಂದೇನ್ ತಪ್ಪಿಲ್ಲ ಬಿಡೋ. ನನಗೇ ಸಪ್ಪಳ ಕೇಳಸ್ಲಿಲ್ಲ. ಕಿವಿ ಮಂದ ಆಗ್ಯಾವ, ಒಂದು ಮಷಿನ್ ಕೊಡ್ಸು." ನಾನು ಹೂಂ ಎಂದು ಹೊರಗೆ ಬಂದೆ.

ಇಗೋ, ಒಳಗಿನಿಂದ ಕೂಗುತ್ತಿದ್ದಾಳೆ. "ತಮ್ಮಾ, ಹೊರಗ ಯಾರ ಕೂಡ ಪಿಸುಪಿಸು ಮಾತಾಡಾಕತ್ತಿ?"

ಕಿಟಕಿ ಮುಚ್ಚಿಯೇ ಇದೆ. ಆದರೂ ಕೇಳಿಸಿದೆ ಅವಳಿಗೆ.

ಬಂದೆ ಅಕ್ಕಾ. ಇಡ್ತೀನ್ರಿ ಗೆಳೆಯರೇ.