ಬ್ಯಾಂಕಾಕಿನ ಕಣ್ಣಿಲ್ಲದ ಎತ್ತು

ಇಂಥ ಕತೆ ಹೇಳುವವರನ್ನು ನಾನು ಬಹಳ ಸತಾಯಿಸಿದ್ದೇನೆ. ಗಜೇಂದ್ರಗಡದಲ್ಲಿ ನನ್ನ ಅಂಗಡಿಯ ಎದುರಿಗೇ ಒಂದು ಚಹಾದಂಗಡಿ. ಅದರ ಬೆಂಚಿನ ಮೇಲೆ ಕುಳಿತು ಯಾರಾದರೂ ಗುಡ್ಡದ ದಾರಿಯಲ್ಲಿ ಸತ್ತವರನ್ನು ಕಂಡೆ ಎಂದು ಶುರು ಮಾಡಿದರೆ, "ಅಂವ ನಿನ್ನ ಕಡೆ ಬೀಡಿ ಬೇಡಲಿಲ್ಲೇನ?" ಎಂದು ಕೇಳಿ ಕತೆಯ ಗಾಳಿ ತೆಗೆಯುತ್ತಿದ್ದವನು ನಾನೇ. ಈಗ ನನ್ನ ಸರದಿ ಬಂದಿದೆ. ನಗುವವರು ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅದರ ಅರ್ಥ ಕೇಳಬೇಡಿ, ನನಗೂ ಆಗಿಲ್ಲ.

ನಾನು ಟ್ರ್ಯಾಕ್ಟರಿನ ಟ್ರೇಲರುಗಳಿಗೆ ಬಣ್ಣ ಬಳಿದು ಚಿತ್ರ ಬರೆಯುವವನು. ರೋಣ, ನರಗುಂದದ ರಸ್ತೆಗಳಲ್ಲಿ ಟ್ರೇಲರಿನ ಹಿಂದೆ ಸಿಕ್ಕಿಬಿದ್ದು ಹಾರ್ನ್ ಹೊಡೆದವರೆಲ್ಲ ಅದರ ಹಿಂಬದಿಯ ಹಲಗೆಯ ಮೇಲೆ ಕಮಲ, ಗಿಳಿ, ಎತ್ತುಗಳನ್ನು ನೋಡಿಯೇ ಇರುತ್ತಾರೆ. ಈ ಕೆಲಸ ನನಗೆ ಕಲಿಸಿದವನು ಅಣ್ಣ ಈರಣ್ಣ. ನನಗಿಂತ ಒಂದೂವರೆ ವರ್ಷ ದೊಡ್ಡವನು, ನೋಡಲು ನನ್ನದೇ ಪಡಿಯಚ್ಚು. ಊರವರು ಅವನನ್ನು ಕಂಡು ನನ್ನ ಹೆಸರು ಕೂಗುತ್ತಿದ್ದರು. ವ್ಯತ್ಯಾಸ ಇದ್ದದ್ದು ಕೈಗಳಲ್ಲಿ. ಅವನು ಎಡಚ. ಹಾಗಾಗಿ ಎಲ್ಲರ ಎತ್ತುಗಳು ಎಡಕ್ಕೆ ಮುಖ ಮಾಡಿ ನಿಂತರೆ ಅವನ ಎತ್ತು ಬಲಕ್ಕೆ ನೋಡುತ್ತಿತ್ತು. ಇನ್ನು ನನ್ನ ಬಲಗೈ ಮೇಲೆ ಹೆಬ್ಬೆರಳಿನಿಂದ ಮಣಿಕಟ್ಟಿನ ತನಕ ಸುಟ್ಟ ಕಲೆಯಿದೆ. ಚಿಕ್ಕವನಿದ್ದಾಗ ಸ್ಟೋ ಸಿಡಿದು ಆದದ್ದು. ಅಣ್ಣನ ಕೈಗೆ ಒಂದು ಗೆರೆಯೂ ಇರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಎತ್ತನ್ನು ಪೂರ್ತಿ ಬರೆದರೂ ಕಣ್ಣು ಮಾತ್ರ ಬರೆಯುವುದಿಲ್ಲ, ಆ ಜಾಗ ಬೆಳ್ಳಗೆ ಉಳಿದಿರುತ್ತದೆ. ಟ್ರೇಲರಿನ ಧಣಿ ಬಂದು ಕಾಯಿ ಒಡೆದು ಕುಂಚಕ್ಕೆ ಕುಂಕುಮ ಹಚ್ಚಿದ ಮೇಲೆಯೇ ಕಣ್ಣು. ಕಣ್ಣು ಬರೆದರೆ ಕೆಲಸ ಮುಗಿಯಿತು. ಮತ್ತೆ ಆ ಚಿತ್ರಕ್ಕೆ ಚಿತ್ರಗಾರ ಕೈ ಹಚ್ಚುವ ಹಾಗಿಲ್ಲ.

ಏಳೆಂಟು ವರ್ಷದ ಹಿಂದೆ ಅಣ್ಣ ಯಾವಗಲ್ಲಿನ ಗೌಡರೊಬ್ಬರ ಟ್ರೇಲರಿಗೆ ಎತ್ತು ಬರೆದ. ಕಣ್ಣೊಂದು ಉಳಿದಿತ್ತು. ಗೌಡರು ಕಾಯಿ ತರುತ್ತೇನೆಂದು ಮನೆಯೊಳಗೆ ಹೋಗಿ ಬರುವಷ್ಟರಲ್ಲಿ ತೊಳೆದ ಕುಂಚಗಳು ಸಾಲಾಗಿ ಇದ್ದವು, ಅಣ್ಣ ಇರಲಿಲ್ಲ. ಹಾಡುಹಗಲು, ರಸ್ತೆಯ ಬದಿಯ ಮನೆ. ಅವನು ಹೋದದ್ದನ್ನು ಕಂಡವರಿಲ್ಲ. ಪೊಲೀಸರಿಗೆ ಹೇಳಿದೆವು, ಬಸ್‌ಸ್ಟ್ಯಾಂಡುಗಳಲ್ಲಿ ಫೋಟೋ ಅಂಟಿಸಿದೆವು, ಅವ್ವ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಅವನ ಸುಳಿವಿಲ್ಲ. ಗೌಡರು ಮಾತ್ರ ಆ ಎತ್ತಿಗೆ ಬೇರೆಯವರಿಂದ ಕಣ್ಣು ಬರೆಸಲಿಲ್ಲ. ಅದು ಹಾಗೇ ಜೋಳ, ಕಡಲೆ ಹೇರಿಕೊಂಡು ತಿರುಗುತ್ತಿತ್ತು.

ಅಣ್ಣನ ಹೆಂಡತಿ, ನನ್ನ ವೈನಿ, ಶಾಂತವ್ವ ನಮ್ಮ ಮನೆಯಲ್ಲೇ ಉಳಿದಳು. ಜಂಪರು ಹೊಲಿದು ತನ್ನ ಖರ್ಚು ತಾನು ನೋಡಿಕೊಂಡಳು. ಅಣ್ಣ ಹೋದಾಗ ಅವಳಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಹೋದ ವರ್ಷ ಪುರ್ತಗೇರಿಯ ಮೋಟರ್ ರಿಪೇರಿಯವನೊಬ್ಬ, ಹೆಂಡತಿ ಸತ್ತವನು, ಅವಳನ್ನು ಕೇಳಿ ಕಳಿಸಿದ. ಅವಳು ಬೇಡ ಎನ್ನಲಿಲ್ಲ. ಎಲ್ಲರಿಗಿಂತ ಮೊದಲು ಹೂಂ ಎಂದವಳು ನನ್ನ ಅವ್ವ. ಆದರೆ ಹಿರಿಯರು, ಉಡಿಕಿ, ಅಂದರೆ ಮರುಮದುವೆ, ಆಗಬೇಕೆಂದರೆ ಗಂಡ ಸತ್ತಿರಬೇಕು, ಇಲ್ಲವೇ ಸತ್ತನೆಂದು ಕ್ರಿಯೆ ಮಾಡಿ ಮುಗಿಸಿರಬೇಕು ಎಂದರು. ಹಿಟ್ಟಿನ ಬೊಂಬೆ ಮಾಡಿ ಮಲಪ್ರಭೆಯ ದಂಡೆಯಲ್ಲಿ ಸುಡಬೇಕು. ಕೊಳ್ಳಿ ಇಡಬೇಕಾದವನು ತಮ್ಮನಾದ ನಾನು. ನಾನು ಬ್ಯಾಂಕಾಕಿನಿಂದ ಬಂದ ಮೇಲೆ ಎಂದು ಮಾತಾಯಿತು.

ಬ್ಯಾಂಕಾಕ್ ಎಂದರೆ ನೀವು ಹುಬ್ಬೇರಿಸುತ್ತೀರಿ, ನಾನೂ ಏರಿಸಿದ್ದೆ. ಯಾರೋ ನನ್ನ ಟ್ರೇಲರುಗಳ ಫೋಟೋ ಫೋನಿನಲ್ಲಿ ಹಂಚಿ, ಅದು ಎಲ್ಲೆಲ್ಲೋ ತಿರುಗಿ, ಅಲ್ಲಿ ಬೀದಿ ಚಿತ್ರಗಾರರನ್ನು ಕೂಡಿಸುವ ಒಂದು ಮೇಳಕ್ಕೆ ನನಗೆ ಕರೆ ಬಂತು. ಪಾಸ್‌ಪೋರ್ಟು ಮಾಡಿಸಿದ್ದೇ ಆಗ. ಅದಕ್ಕೂ ಮೊದಲು ನಾನು ಕಂಡ ಪರದೇಶವೆಂದರೆ ಸೊಲ್ಲಾಪುರ.

ಅಲ್ಲಿ ನನ್ನ ಜೊತೆಗೆ ಬಿಟ್ಟದ್ದು ನೊಯ್ ಎಂಬ ಚಿತ್ರಗಾರ್ತಿಯನ್ನು. ಗೋಡೆಗಳ ಮೇಲೆ ಬರೆಯುವವಳು, ಆ ಊರಲ್ಲೇ ಹುಟ್ಟಿದವಳು, ಅಂಗಿಯ ತೋಳಿಗೆ ಸದಾ ಬಣ್ಣ. ಮೇಳ ಮುಗಿದ ಮರುದಿನ, ದೊಡ್ಡ ಗುಡಿ, ಅರಮನೆ ಯಾರಾದರೂ ತೋರಿಸುತ್ತಾರೆ, ನಿನಗೆ ನನ್ನ ಮೆಚ್ಚಿನ ಜಾಗ ತೋರಿಸುತ್ತೇನೆ ಎಂದಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಹರಕು, ಆದ್ದರಿಂದ ಚೆನ್ನಾಗಿ ಹೊಂದಿತು.

ಬೆಳಿಗ್ಗೆ ಹೂವಿನ ಪೇಟೆಗೆ ಕರೆದೊಯ್ದಳು. ಚೆಂಡುಹೂವಿನ ರಾಶಿ ನೋಡಿ ನನಗೆ ಗದಗಿನ ಮಾರ್ಕೆಟ್ಟೇ ನೆನಪಾಯಿತು, ಎರಡೂ ಕಡೆಯ ಕೆಸರಂತೂ ಅಕ್ಕ-ತಂಗಿ. ಬಣ್ಣ ಕಲಸುವುದು ತಿಳಿಯದಾದಾಗ ಇಲ್ಲಿ ಬಂದು ನಿಲ್ಲುತ್ತೇನೆ ಎಂದಳು ನೊಯ್. ಒಬ್ಬ ಹೂಗಾರ್ತಿ ನನ್ನನ್ನು ನೋಡಿ ಬಾಯ್ತುಂಬ ನಕ್ಕು, ಮಲ್ಲಿಗೆಯ ಸಣ್ಣ ಮಾಲೆಯೊಂದನ್ನು ಕೈಗೆ ಹಾಕಿದಳು. ದುಡ್ಡು ಬೇಡವೆಂದಳು. ಪರದೇಶದವನೆಂದು ಮರ್ಯಾದೆ ಮಾಡಿದಳು ಎಂದುಕೊಂಡು ನಾನು ಉಬ್ಬಿದೆ.

ಅಲ್ಲಿಂದ ಬೋರ್ಡು ಬರೆಯುವವರ ಒಂದು ಹಳೆಯ ಓಣಿ. ಇದು ನೊಯ್ ಚಿತ್ರ ಕಲಿತ ಜಾಗ. ಸಣ್ಣವಳಿದ್ದಾಗ ಸಾಲಿ ತಪ್ಪಿಸಿ ಇಲ್ಲಿ ಬಂದು ಕೂತಿರುತ್ತಿದ್ದಳಂತೆ. ತಗಡು ಕತ್ತರಿಸುತ್ತಿದ್ದ ಮುದುಕನೊಬ್ಬ ಎದ್ದು ಬಂದವನೇ ನನ್ನ ಹೆಗಲು ತಟ್ಟಿ ಏನೋ ಹೇಳಿದ. ನೊಯ್ ನಕ್ಕಳು. "ಮತ್ತೆ ಬಂದೆಯಾ ಅಂತಾನೆ. ನಿನ್ನನ್ನು ಬೇರೆ ಯಾರೋ ಅಂದುಕೊಂಡಿದ್ದಾನೆ." ನಾನೂ ನಕ್ಕೆ. ಆದರೆ ಓಣಿಯ ತುದಿ ಮುಟ್ಟುವುದರೊಳಗೆ ನಗು ಒಣಗಿತ್ತು. ನನ್ನನ್ನು ಬೇರೆಯವನೆಂದು ತಿಳಿಯುವ ಮಂದಿಯ ನಡುವೆ ಬೆಳೆದವನು ನಾನು. ಆ ಬೇರೆಯವನು ಯಾರೆಂಬುದು ನನಗೆ ಗೊತ್ತಿತ್ತು.

ನೊಯ್‌ಗೆ ಅಣ್ಣನ ವಿಷಯ ಹೇಳಿದೆ.  ಮುದುಕನ ಹತ್ತಿರ ಹಿಂದಿರುಗಿ ಕೇಳಿದೆವು. ಎರಡು ಮಳೆಗಾಲದ ಹಿಂದೆ ಇಲ್ಲಿ ಕುಂಚ ಕೊಳ್ಳುತ್ತಿದ್ದ, ಹೆಚ್ಚು ಮಾತಿಲ್ಲದವನು, ಕಾಲುವೆಯ ಬದಿಯ ಚಹಾದಂಗಡಿಯಲ್ಲಿ ಏನೋ ಬರೆಯುತ್ತಿದ್ದ ಎಂದ. ನೊಯ್ ನನ್ನ ಮುಖ ನೋಡಿದಳು. ಆ ಚಹಾದಂಗಡಿ ಆ ದಿನದ ಅವಳ ಕೊನೆಯ ಜಾಗ, ಅವಳ ಮೆಚ್ಚಿನದು. ದಿನಾ ಸಂಜೆ ಕೂರುತ್ತಿದ್ದ ಜಾಗವಂತೆ. ಮೂರು ವರ್ಷ ಬೇರೆ ಊರಲ್ಲಿ ಕೆಲಸವಿದ್ದುದರಿಂದ ಅಲ್ಲಿಗೆ ಬಂದಿರಲಿಲ್ಲ.

ದೋಣಿ ಹತ್ತಿ ಹೋದೆವು. ಕಾಲುವೆಯ ನೀರು ಕಪ್ಪು, ಎರಡೂ ಬದಿಗೆ ಮರದ ಮನೆಗಳು, ಒಣಹಾಕಿದ ಬಟ್ಟೆಗಳು.  ಅಣ್ಣ ಸಿಕ್ಕರೆ ಎಂದು ಒಂದು ಮನಸ್ಸು ಕುಣಿಯುತ್ತಿತ್ತು. ಸಿಕ್ಕರೆ ವೈನಿಯ ಗತಿ ಏನು ಎಂದು ಇನ್ನೊಂದು ಮನಸ್ಸು ಕುಗ್ಗುತ್ತಿತ್ತು. ಅವನು ಬದುಕಿದ್ದಾನೆ ಎಂದು ನಾನು ಊರಿಗೆ ಹೋಗಿ ಹೇಳಿದರೆ ಅವಳ ಉಡಿಕಿ ಅಲ್ಲಿಗೇ ನಿಂತಿತು. ಹೇಳದಿದ್ದರೆ ಬದುಕಿರುವ ಅಣ್ಣನಿಗೆ ನಾನೇ ಕೊಳ್ಳಿ ಇಡಬೇಕು.

ಅಂಗಡಿ ನೀರಿನ ಅಂಚಿಗೆ ಇತ್ತು. ಮಡಚಿಟ್ಟ ಮರದ ಬಾಗಿಲುಗಳಲ್ಲಿ ಒಂದರ ಮೇಲೆ ಎತ್ತು ನಿಂತಿತ್ತು. ಹಿಂದಕ್ಕೆ ಬಾಗಿದ ಉದ್ದ ಕೊಂಬು, ಕೊಂಬಿನ ತುದಿಗೆ ಹಿತ್ತಾಳೆಯ ಕೊಂಬಣಸು, ಕೊರಳಲ್ಲಿ ಗೆಜ್ಜೆಸರ, ಬೆನ್ನ ಮೇಲೆ ಕನ್ನಡಿ ಹಚ್ಚಿದ ಜೂಲಿನ ಹೊದಿಕೆ. ಅದು ಬಲಕ್ಕೆ ನೋಡುತ್ತಿತ್ತು. ಕುಂಚದ ಎಳೆಗಳೆಲ್ಲ ಬಲದಿಂದ ಎಡಕ್ಕೆ. ಕಣ್ಣಿನ ಜಾಗ ಬೆಳ್ಳಗಿತ್ತು. 

ಅಂಗಡಿಯ ಹೆಂಗಸು, ನೊಯ್ ಅವಳನ್ನು ಚಿಕ್ಕಮ್ಮ ಎಂದು ಕರೆಯುತ್ತಿದ್ದಳು, ನನ್ನನ್ನು ಕಂಡದ್ದೇ ಜಗಳಕ್ಕೆ ನಿಂತಳು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ, ನೀನೇ ಕಾಯಿ ತಾ ಅಂದೆ, ನಾನು ತರುವಷ್ಟರಲ್ಲಿ ಮಾಯವಾದೆ ಎಂದು. ನೊಯ್ ಒಂದೊಂದೇ ಮಾತು ತಿಳಿಸಿ ಹೇಳಿದಳು. ನಾನು ಫೋನಿನಲ್ಲಿದ್ದ ಅಣ್ಣನ ಫೋಟೋ ತೋರಿಸಿದೆ. ಅದರಲ್ಲಿ ಅವನು ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದಾನೆ, ಗೆರೆಯಿಲ್ಲದ ಬಲಗೈ ಎದ್ದು ಕಾಣುತ್ತದೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನೋಡಿ ತಲೆ ಅಲ್ಲಾಡಿಸಿದಳು. ಇವನಲ್ಲ. ನನ್ನ ಬಲಗೈ ಹಿಡಿದು, ಸುಟ್ಟ ಕಲೆಯ ಮೇಲೆ ಹೆಬ್ಬೆರಳು ಆಡಿಸಿ ಹೇಳಿದಳು. "ನೀನೇ. ಈ ಗಾಯಕ್ಕೆ ನಾನೇ ಎಣ್ಣೆ ಹಚ್ಚಿದ್ದೇನೆ."

ಅಣ್ಣನ ಕೈಯೂ ಆಮೇಲೆ ಸುಟ್ಟಿರಬಹುದು ಎಂದು ನೀವು ಹೇಳುತ್ತೀರಿ. ಇರಬಹುದು. ಅದೇ ಕೈ, ಅದೇ ಜಾಗ, ಅದೇ ಆಕಾರ. ನಾನೂ ಹಾಗೇ ಹೇಳಿಕೊಳ್ಳುತ್ತ ಎಷ್ಟೋ ರಾತ್ರಿ ಕಳೆದಿದ್ದೇನೆ.

ಚಿಕ್ಕಮ್ಮ ಒಳಗೆ ಹೋಗಿ ಎಳನೀರಿನ ಕಾಯಿ ತಂದು ಹೊಸ್ತಿಲಿಗೆ ಕುಕ್ಕಿ ಒಡೆದಳು. ನಮ್ಮಲ್ಲಿ ಎಳನೀರನ್ನು ಯಾರೂ ಒಡೆಯುವುದಿಲ್ಲ, ಅದು ಅವಳಿಗೆ ಹೇಗೆ ತಿಳಿಯಬೇಕು? ಆದರೆ ಕಾಯಿ ಒಡೆದ ಮೇಲೆ ಇಲ್ಲವೆನ್ನುವ ಹಾಗಿಲ್ಲ. ನೊಯ್ ತನ್ನ ಚೀಲದಿಂದ ಕಪ್ಪು ಬಣ್ಣ, ಕುಂಚ ಕೊಟ್ಟಳು. ನಾನು ಬಾಗಿಲ ಮುಂದೆ ಮಂಡಿಯೂರಿ ಕಣ್ಣು ಬರೆದೆ. ರೆಪ್ಪೆಯ ಬಾಗು, ಒಳಗಿನ ಬೊಟ್ಟು, ಬೊಟ್ಟಿನಲ್ಲಿ ಬಿಳಿಯ ಹೊಳಪು. ಒಂದೇ ಉಸಿರಿಗೆ ಮುಗಿಯಿತು. ನಾನು ಅಷ್ಟು ಚಲೋ ಕಣ್ಣು ಅದುವರೆಗೂ ಬರೆದಿರಲಿಲ್ಲ.

"ನೀನು ಎಡಗೈಯವನೆಂದು ನನಗೆ ಗೊತ್ತೇ ಇರಲಿಲ್ಲ," ಎಂದಳು ನೊಯ್.

ಕುಂಚ ನನ್ನ ಎಡಗೈಯಲ್ಲಿತ್ತು. ಮೇಳದಲ್ಲಿ ನಾನು ಬಲಗೈಯಲ್ಲಿ ಬರೆಯುವುದನ್ನು ಅವಳು ದಿನಾ ನೋಡಿದ್ದಳು. ಆ ರಾತ್ರಿ ಕೋಣೆಯಲ್ಲಿ ಎಡಗೈಯಿಂದ ನನ್ನ ಹೆಸರು ಬರೆಯಲು ಹೋದೆ. ಒಂದು ಅಕ್ಷರವೂ ನೆಟ್ಟಗೆ ಬರಲಿಲ್ಲ.

ಊರಿಗೆ ಬಂದೆ. ಅವ್ವನಿಗೆ ಹೇಳುವ ಧೈರ್ಯವಾಗಲಿಲ್ಲ. ವೈನಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಅಲ್ಲೇ ನಿಂತು ಎಲ್ಲ ಹೇಳಿದೆ, ಫೋನಿನಲ್ಲಿ ಎತ್ತಿನ ಫೋಟೋ ತೋರಿಸಿದೆ. ಅವಳ ಬದುಕಿನ ಮಾತು, ತೀರ್ಮಾನ ಅವಳದೇ ಆಗಬೇಕು ಅನಿಸಿತು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಫೋನು ಇಸಿದುಕೊಂಡು ನೋಡಿದಳು.

"ಎತ್ತು ಅವರದ. ಕೈ ನಿಂದು," ಎಂದಳು. ಆಮೇಲೆ, "ಕಣ್ಣ ಬರದ ಬಂದೀಯಲ್ಲ?"

"ಬರದೇನಿ."

"ಹಂಗಾರ ಕೆಲಸ ಮುಗೀತಲ್ಲ."

"ವೈನಿ, ಅಂವ ಇನ್ನೂ ಇದ್ರ?"

ಅವಳು ಬಕೆಟ್ಟಿನಲ್ಲಿ ಉಳಿದ ಸೀರೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. "ಇದ್ರ ಇರವಲ್ರ್ಯಾಕ. ಎಲ್ಲ್ಯರ ಚಂದಂಗ ಇರ್ಲಿ. ನಾನೂ ಇರಬೇಕಲ್ಲಪಾ."

ನನಗೆ ಅಳು ಬಂತು. ಅವಳು ಅಳಲಿಲ್ಲ.

ಹೊಳೆಯ ದಂಡೆಯಲ್ಲಿ ಕ್ರಿಯೆ ಮಾಡಿದೆ. ಕೊಳ್ಳಿ ಇಡುವಾಗ ಬಲಗೈ ಬಲಗೈ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಬಲಗೈಯಲ್ಲೇ ಇಟ್ಟೆ. ಉಡಿಕಿಯೂ ಆಯಿತು. ವೈನಿ ಈಗ ಪುರ್ತಗೇರಿಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ, ಅಲ್ಲಿಯೂ ಜಂಪರು ಹೊಲಿಯುತ್ತಾಳೆ. ಅವ್ವನಿಗೆ ದಿನಾ ಫೋನು ಬರುತ್ತದೆ. ಅತ್ತ ನೊಯ್ ಕಾಲುವೆಯ ಉದ್ದಕ್ಕೂ ವಿಚಾರಿಸಿದಳು. ಎಲ್ಲರೂ ಅವನನ್ನು ಬಲ್ಲರು, ಎಲ್ಲಿಂದ ಬಂದ, ಎಲ್ಲಿಗೆ ಹೋದ, ಯಾರೂ ಅರಿಯರು.

ಇದು ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಹೋದ ತಿಂಗಳು ಯಾವಗಲ್ ಗೌಡರ ಫೋನು ಬಂತು. "ಈರಣ್ಣನ ಕ್ರಿಯಾ ಮುಗೀತಂತಲ್ಲಪಾ. ಇನ್ನರ ಬಂದು ನಮ್ಮ ಎತ್ತಿಗೆ ಕಣ್ಣ ಬರದ ಹೋಗು. ನೀ ಬಾ, ಕಾಯಿ ನಾ ತರ್ತೀನಿ." ಹೂಂ ಎಂದೆ. ನಾಳೆ ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ಮತ್ತೆ ಮತ್ತೆ ಫೋನು ಮಾಡುತ್ತಾರೆ, ನಾನು ನೆಗಡಿ ಎನ್ನುತ್ತೇನೆ, ಬಸ್ ತಪ್ಪಿತು ಎನ್ನುತ್ತೇನೆ.

ಎಡಗೈಗೆ ಹೆದರಿ ಹೋಗುತ್ತಿಲ್ಲ ಎಂದು ತಿಳಿಯಬೇಡಿ, ಅದು ಸಣ್ಣ ಹೆದರಿಕೆ. ಚಿಕ್ಕಮ್ಮ ಕಂಡ ಚಿತ್ರಗಾರನ ಕೈಮೇಲಿನ ಕಲೆ ನನ್ನದಾಗಿತ್ತು. ಗೌಡರು ಕಾಯಿ ತರಲೆಂದು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ನಾನು ಅಲ್ಲಿ ಇರುತ್ತೇನೆ ಎಂಬ ಭರವಸೆ ನನಗಿಲ್ಲ.